ಹಳೇ ಡಿಶ್, ಅಗ್ಗದ ಡಾಂಗಲ್, 38 ಸಾವಿರ ಕಿಲೋಮೀಟರ್ ದೂರದ ಹ್ಯಾಮ್ ದನಿ

ಹೊಸದಾಗಿ ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರಿಗೆ ಚುಚ್ಚಿ, ಸಾಫ್ಟ್‌ವೇರ್ ಮೂಲಕ ರೇಡಿಯೋ ಕೇಳುವ ಸಾಧನ) ಕೊಂಡವರು ನನ್ನನ್ನು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಇದು: "ಸರ್, ಸಿಗ್ನಲ್ ತುಂಬಾ ವೀಕು. ಇನ್ನೊಂದು ಆಂಪ್ಲಿಫೈಯರ್ ಹಾಕ್ಲಾ?" ಬೇಡ ಅಂತೀನಿ. ಆಂಪ್ಲಿಫೈಯರ್ ಹಾಕಿದರೆ ಸಿಗ್ನಲ್ ಜೊತೆ ಗದ್ದಲವೂ (ನಾಯ್ಸ್) ಅಷ್ಟೇ ಏರುತ್ತದೆ. ಸಿಗ್ನಲ್ಲು ಗದ್ದಲಕ್ಕಿಂತ ಎಷ್ಟು ಮೇಲಿದೆ ಅನ್ನೋದೇ ಇಲ್ಲಿ ಮುಖ್ಯ. ಆ ಅಂತರ ಆಂಟೆನಾ ಮತ್ತು ಅದಕ್ಕೆ ಅಂಟಿಕೊಂಡ ಮೊದಲ ಆಂಪ್ಲಿಫೈಯರ್‌ನಲ್ಲೇ ತೀರ್ಮಾನ ಆಗಿಬಿಡುತ್ತದೆ. ಆಮೇಲೆ ಎಷ್ಟೇ ಆಂಪ್ಲಿಫೈಯರ್ ಸೇರಿಸಿದರೂ ಆ ಅಂತರ ಹಾಳಾಗಬಹುದೇ ಹೊರತು ಸುಧಾರಿಸುವುದಿಲ್ಲ.

ಇದನ್ನು ಕೈಯಾರೆ ಮಾಡಿ ಕಲಿಯಲು ನನಗೆ ತುಂಬಾ ಇಷ್ಟವಾದದ್ದು ಕ್ಯೂಒ-100. ಕತಾರ್‌ನ ಎಸ್‌ಹೈಲ್-2 ಉಪಗ್ರಹದ ಜೊತೆ 2018ರ ನವೆಂಬರ್‌ನಲ್ಲಿ ಮೇಲೆ ಹೋದ ಹ್ಯಾಮ್‌ಗಳ, ಅಂದರೆ ಹವ್ಯಾಸಿ ರೇಡಿಯೋದವರ, ಟ್ರಾನ್ಸ್‌ಪಾಂಡರ್ (ಕೆಳಗಿನಿಂದ ಬಂದ ಸಿಗ್ನಲ್ ಹಿಡಿದು ಮತ್ತೆ ಕೆಳಕ್ಕೆ ಕಳಿಸುವ ಯಂತ್ರ) ಅದು. ಭೂಸ್ಥಿರ ಕಕ್ಷೆಯಲ್ಲಿ ಹ್ಯಾಮ್‌ಗಳಿಗೆ ಸಿಕ್ಕ ಮೊದಲನೆಯದು. 2019ರ ಫೆಬ್ರುವರಿಯಲ್ಲಿ ಎಲ್ಲರಿಗೂ ತೆರೆಯಿತು. ಬ್ರೆಜಿಲ್‌ನಿಂದ ಥಾಯ್ಲೆಂಡ್‌ವರೆಗೆ ಅದರ ವ್ಯಾಪ್ತಿ. ನಮ್ಮ ಇಡೀ ಕರ್ನಾಟಕ ಅದರೊಳಗೆ ಬರುತ್ತದೆ. ಬೇರೆ ಹ್ಯಾಮ್ ಉಪಗ್ರಹಗಳು ಹತ್ತು ಹದಿನೈದು ನಿಮಿಷದಲ್ಲಿ ದಿಗಂತ ದಾಟಿ ಹೋಗುತ್ತವೆ. ಇದು ಇಪ್ಪತ್ನಾಲ್ಕು ಗಂಟೆಯೂ ಅಲ್ಲೇ ಇರುತ್ತದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯದು ಇನ್ನೇನು ಬೇಕು?

ಬೇಕಾದ ಸಾಮಾನು ಅರ್ಧ ನಿಮ್ಮ ತಾರಸಿಯಲ್ಲೇ ಬಿದ್ದಿರಬಹುದು. ಚಂದಾ ನಿಂತುಹೋದ 60 ಸೆಂಟಿಮೀಟರ್ ಡಿಟಿಎಚ್ ಡಿಶ್, ಅದರ ಎಲ್‌ಎನ್‌ಬಿ (ಡಿಶ್ ಮುಂದೆ ತೋಳಿನ ತುದಿಯಲ್ಲಿರುವ, ಸಿಗ್ನಲ್ ಹಿಡಿಯುವ ಡಬ್ಬಿ), ಆರ್‌ಜಿ-6 ಕೇಬಲ್. ಎಲ್‌ಎನ್‌ಬಿ ಲೇಬಲ್ ಮೇಲೆ 9.75 ಗಿಗಾಹರ್ಟ್ಸ್ ಅಂತ ಇದೆಯಾ ನೋಡಿ. ಬಂದ ಸಿಗ್ನಲ್‌ನಿಂದ ಇಷ್ಟನ್ನು ಕಳೆದು ಎಲ್‌ಎನ್‌ಬಿ ಅದನ್ನು ಕೆಳಗಿನ ಫ್ರೀಕ್ವೆನ್ಸಿಗೆ ಇಳಿಸುತ್ತದೆ. ಕ್ಯೂಒ-100ರ ಧ್ವನಿ ಪಟ್ಟಿ 10,489.5ರಿಂದ 10,490 ಮೆಗಾಹರ್ಟ್ಸ್. ಅದರಿಂದ 9,750 ಕಳೆದರೆ 739.5ರಿಂದ 740. ಆರ್‌ಟಿಎಲ್-ಎಸ್‌ಡಿಆರ್, ಅಂದರೆ ಆ ಅಗ್ಗದ ಡಾಂಗಲ್, ಆರಾಮಾಗಿ ಹಿಡಿಯುವ ಜಾಗ ಇದು. ಡಾಂಗಲ್ 50 ಓಮ್, ಕೇಬಲ್ 75 ಓಮ್ ಅಂತ ಕೆಲವರು ಚಿಂತೆ ಮಾಡುತ್ತಾರೆ. ಅದರಿಂದ ಆಗುವ ನಷ್ಟ ಲೆಕ್ಕಕ್ಕೇ ಬರುವುದಿಲ್ಲ.

ಚಿಂತೆ ಮಾಡಬೇಕಾದ್ದು ಕರೆಂಟಿನ ಬಗ್ಗೆ. ಎಲ್‌ಎನ್‌ಬಿಗೆ 13 ಅಥವಾ 18 ವೋಲ್ಟ್ ಬೇಕು. ಡಾಂಗಲ್ ಕೊಡುವುದು 4.5 ವೋಲ್ಟ್ ಮಾತ್ರ, ಅದೂ ಬಯಾಸ್-ಟೀ (ಕೇಬಲ್‌ಗೆ ಕರೆಂಟು ಕೊಡುವ ವ್ಯವಸ್ಥೆ) ಇರುವ ಡಾಂಗಲ್ ಆದರೆ. ಹಾಗಾಗಿ ಕೇಬಲ್ ಮೂಲಕವೇ ಎಲ್‌ಎನ್‌ಬಿಗೆ ಕರೆಂಟು ಕಳಿಸುವ ಬೇರೆ ಪವರ್ ಇನ್ಸರ್ಟರ್ ಹಾಕಬೇಕು. ಡಾಂಗಲ್ ಕಡೆಗೆ ಡಿಸಿ ಹೋಗದ ಹಾಗೆ ತಡೆ ಇರಲೇಬೇಕು. ಜೋಡಿಸುವ ಮೊದಲು ಆ ತುದಿಯಲ್ಲಿ ಮಲ್ಟಿಮೀಟರ್ ಇಟ್ಟು ನೋಡಿ. ಅಲ್ಲಿ 18 ವೋಲ್ಟ್ ಕಂಡರೆ ಡಾಂಗಲ್ ಹಾಕಬೇಡಿ, ಸುಟ್ಟುಹೋಗುತ್ತದೆ.

ಇನ್ನು ಡಿಶ್ ತಿರುಗಿಸುವ ವಿಷಯ. ಯುರೋಪಿನವರ ಸೂಚನೆಗಳನ್ನು ನೋಡಿಕೊಂಡು ಮಾಡಿದವರು ಇಲ್ಲೇ ಎಡವುತ್ತಾರೆ. ನಮ್ಮ ಟಿವಿ ಡಿಶ್‌ಗಳು ಆಗ್ನೇಯದ ಕಡೆ ನೋಡುತ್ತಿರುತ್ತವೆ. ಕ್ಯೂಒ-100 ಇರುವುದು ಪೂರ್ವ ರೇಖಾಂಶ 25.9ರಲ್ಲಿ. ಬೆಂಗಳೂರಿನಿಂದ ಅದು ಪಶ್ಚಿಮಕ್ಕಿಂತ ಹತ್ತು ಡಿಗ್ರಿ ದಕ್ಷಿಣಕ್ಕೆ, ದಿಗಂತದಿಂದ ಸುಮಾರು 30 ಡಿಗ್ರಿ ಎತ್ತರದಲ್ಲಿದೆ. ಇವು ಆಫ್‌ಸೆಟ್ ಡಿಶ್‌ಗಳಾದ್ದರಿಂದ ತಟ್ಟೆ ಹೆಚ್ಚುಕಡಿಮೆ ನೆಟ್ಟಗೆ ನಿಂತ ಹಾಗೆ ಕಾಣುತ್ತದೆ. ಪಕ್ಕದ ಮನೆಯ ಗೋಡೆಯನ್ನೇ ನೋಡುತ್ತಿದೆ ಅನ್ನಿಸಿದರೂ ಗಾಬರಿ ಬೇಡ, ಅದು ನಿಜವಾಗಿ ನೋಡುವುದು ಅದಕ್ಕಿಂತ ಮೇಲೆ.

ಎಲ್‌ಎನ್‌ಬಿಯ ತಿರುವು ಇನ್ನೂ ಮುಖ್ಯ. ಕ್ಯೂಒ-100 ಸಿಗ್ನಲ್ ಲಂಬ ಧ್ರುವೀಕರಣದ್ದು, ಅಂದರೆ ಉಪಗ್ರಹದಿಂದ ಹೊರಡುವ ಅಲೆ ಉತ್ತರ-ದಕ್ಷಿಣವಾಗಿ ಆಡುತ್ತದೆ. ಎಲ್‌ಎನ್‌ಬಿ 13 ವೋಲ್ಟ್ ಕೊಟ್ಟರೆ ನೆಟ್ಟಗಿನ ಅಲೆಯನ್ನು, 18 ಕೊಟ್ಟರೆ ಅಡ್ಡ ಅಲೆಯನ್ನು ಹಿಡಿಯುತ್ತದೆ. ಯುರೋಪಿನಲ್ಲಿ 13 ವೋಲ್ಟ್ ಕೊಟ್ಟು ಸ್ವಲ್ಪ ತಿರುಗಿಸಿದರೆ ಸಾಕು. ನಾವು ಸಮಭಾಜಕಕ್ಕೆ ಹತ್ತಿರ ಇದ್ದೇವೆ, ಉಪಗ್ರಹ ದೂರದ ಪಶ್ಚಿಮದಲ್ಲಿದೆ. ಉತ್ತರ-ದಕ್ಷಿಣವಾಗಿ ಆಡುವ ಆ ಅಲೆ ನಮ್ಮ ಕಡೆಗೆ ಅಡ್ಡಡ್ಡವಾಗಿ ಬರುತ್ತದೆ. ಬೆಂಗಳೂರಿನಲ್ಲಿ ಓರೆ ಸುಮಾರು 74 ಡಿಗ್ರಿ, ಬೀದರ್‌ನಲ್ಲಿ 68ರ ಹತ್ತಿರ. ಅದಕ್ಕೇ ಇಲ್ಲಿ 18 ವೋಲ್ಟ್ ಕೊಟ್ಟು, ಎಲ್‌ಎನ್‌ಬಿಯನ್ನು ಹದಿನೈದು ಇಪ್ಪತ್ತು ಡಿಗ್ರಿ ಆ ಕಡೆ ಈ ಕಡೆ ತಿರುಗಿಸಿ ನೋಡುವುದು ಸುಲಭ. ಇದು ತಪ್ಪಿದ್ದರೆ ಡಿಶ್ ಎಷ್ಟೇ ಸರಿಯಾಗಿ ನೋಡುತ್ತಿದ್ದರೂ ಸಿಗ್ನಲ್ ಗದ್ದಲದಲ್ಲಿ ಮುಳುಗಿರುತ್ತದೆ.

ಈಗ ಗೇನ್, ಅಂದರೆ ಸಿಗ್ನಲ್ಲನ್ನು ಎಷ್ಟು ವರ್ಧಿಸಬೇಕು ಅನ್ನೋದು. ಎಲ್‌ಎನ್‌ಬಿ ತಾನೇ 50-60 ಡೆಸಿಬೆಲ್ ವರ್ಧಿಸುತ್ತದೆ (ಪ್ರತಿ ಹತ್ತು ಡೆಸಿಬೆಲ್ ಅಂದರೆ ಹತ್ತು ಪಟ್ಟು). ಡಾಂಗಲ್‌ನ ಗೇನ್ ಸೊನ್ನೆಯ ಹತ್ತಿರ ಇಟ್ಟು, ಎಲ್‌ಎನ್‌ಬಿಯ ಪವರ್ ಆಫ್ ಮಾಡಿ, ಆನ್ ಮಾಡಿ. ಆನ್ ಮಾಡಿದಾಗ ಪರದೆಯ ಮೇಲೆ ಗದ್ದಲದ ಮಟ್ಟ ಹತ್ತು ಡೆಸಿಬೆಲ್‌ನಷ್ಟು ಏರಿದರೆ ಸಾಕು, ಅಲ್ಲೇ ನಿಲ್ಲಿಸಿ. ಏರದಿದ್ದರೆ ಗೇನ್ ಒಂದೊಂದೇ ಮೆಟ್ಟಿಲು ಹೆಚ್ಚಿಸಿ. ಅದಕ್ಕಿಂತ ಮುಂದೆ ಹೋದರೆ ಸಿಗ್ನಲ್ಲನ್ನು ಅಂಕಿಗಳಾಗಿ ಮಾಡುವ ಡಾಂಗಲ್‌ನ 8 ಬಿಟ್ ಪರಿವರ್ತಕ ತುಂಬಿ ತುಳುಕುತ್ತದೆ. ಇಲ್ಲದ ಸಿಗ್ನಲ್‌ಗಳೆಲ್ಲ ಕಾಣಿಸತೊಡಗುತ್ತವೆ. ಇನ್ನೊಂದು ಪರೀಕ್ಷೆಯೂ ಇದೆ. ಎಲ್‌ಎನ್‌ಬಿ ಮುಂದೆ ಅಂಗೈ ಹಿಡಿಯಿರಿ. ಗದ್ದಲ ಏರುತ್ತದೆ. ಕೈ ತೆಗೆದರೆ ಇಳಿಯುತ್ತದೆ. ನಿಮ್ಮ ಅಂಗೈ ಬೆಚ್ಚಗಿದೆ, ಆಕಾಶ ತಣ್ಣಗಿದೆ. ಆ ವ್ಯತ್ಯಾಸ ಪರದೆಯಲ್ಲಿ ಕಂಡರೆ ನಿಮ್ಮ ರಿಸೀವರ್ ಸರಿಯಾಗಿದೆ ಅಂತ ಅರ್ಥ.

8 ಬಿಟ್‌ನಲ್ಲಿ ಇಷ್ಟು ಕ್ಷೀಣ ಸಿಗ್ನಲ್ ಹೇಗೆ ಸಿಗುತ್ತದೆ ಅಂತ ಕೇಳಬಹುದು. ಡಾಂಗಲ್ ಸೆಕೆಂಡಿಗೆ 24 ಲಕ್ಷ ಸ್ಯಾಂಪಲ್ ಕೊಡುತ್ತದೆ. ಗದ್ದಲ ಆ 2.4 ಮೆಗಾಹರ್ಟ್ಸ್ ಅಗಲದ ತುಂಬಾ ಹರಡಿಕೊಂಡಿರುತ್ತದೆ. ಒಬ್ಬರ ಮಾತಿಗೆ ಬೇಕಾದ್ದು 2.7 ಕಿಲೋಹರ್ಟ್ಸ್ ಮಾತ್ರ. ಅಷ್ಟನ್ನೇ ಸೋಸಿದಾಗ ಗದ್ದಲ ಸುಮಾರು 29 ಡೆಸಿಬೆಲ್ ಕಡಿಮೆಯಾಗುತ್ತದೆ. ಮೋರ್ಸ್‌ಗೆ 200 ಹರ್ಟ್ಸ್ ಸಾಕು. ಆಗ ಇನ್ನೂ 11 ಡೆಸಿಬೆಲ್ ಲಾಭ. ಈ ಕೆಲಸವನ್ನೆಲ್ಲ ಸಾಫ್ಟ್‌ವೇರ್ ಮಾಡುತ್ತದೆ. ಅಗ್ಗದ ಡಾಂಗಲ್ ಇಷ್ಟು ಉಪಯೋಗಕ್ಕೆ ಬರುವುದು ಇದರಿಂದಲೇ.

ಉಳಿದದ್ದು ಒಂದೇ ತೊಂದರೆ, ಫ್ರೀಕ್ವೆನ್ಸಿ ಜಾರುವುದು. 9,750 ಮೆಗಾಹರ್ಟ್ಸ್‌ನಲ್ಲಿ ಹತ್ತು ಲಕ್ಷಕ್ಕೆ ಒಂದು ಪಾಲು ತಪ್ಪಿದರೂ 9.75 ಕಿಲೋಹರ್ಟ್ಸ್ ವ್ಯತ್ಯಾಸ. ಮೂರು ಜನ ಮಾತಾಡುವಷ್ಟು ಜಾಗ ಅದು! ಮೋಡ ಬಂದು ಬಿಸಿಲು ಮರೆಯಾದರೆ ಸಾಕು, ಎಲ್‌ಎನ್‌ಬಿ ತಣ್ಣಗಾಗಿ ಎಲ್ಲರ ದನಿಯೂ ಸರಿದುಹೋಗುತ್ತದೆ. ಹಳೇ ಮಾದರಿಯ ಎಲ್‌ಎನ್‌ಬಿಯಲ್ಲಿ ಇದು ಜಾಸ್ತಿ. ಪಿಎಲ್‌ಎಲ್ (ಫ್ರೀಕ್ವೆನ್ಸಿ ಜಾರದಂತೆ ಹಿಡಿದಿಡುವ ಸರ್ಕ್ಯೂಟ್) ಇರುವುದು ಸಿಕ್ಕರೆ ಅದನ್ನೇ ಹಾಕಿ. ಪಟ್ಟಿಯ ಮಧ್ಯದಲ್ಲಿ, 10,489.75 ಮೆಗಾಹರ್ಟ್ಸ್‌ನಲ್ಲಿ ಒಂದು ಬೀಕನ್ (ಗುರುತಿನ ಸಿಗ್ನಲ್) ಸದಾ ಪ್ರಸಾರವಾಗುತ್ತದೆ. ಎಸ್‌ಡಿಆರ್ ಕನ್ಸೋಲ್ ಅನ್ನುವ ಉಚಿತ ಸಾಫ್ಟ್‌ವೇರ್ ಅದನ್ನು ಹಿಡಿದುಕೊಂಡು, ಎಲ್‌ಎನ್‌ಬಿ ಜಾರಿದಷ್ಟೂ ತಾನೇ ಸರಿಪಡಿಸುತ್ತದೆ. ಫ್ರೀಕ್ವೆನ್ಸಿ ಸ್ಥಿರವಾಗಿಡುವ ದುಬಾರಿ ಆಸಿಲೇಟರ್ ಕೊಳ್ಳುವ ಮೊದಲು ಇದನ್ನು ಬಳಸಿ ನೋಡಿ.

ಡಿಶ್ ಹೊಂದಿಸುವಾಗಲೂ ಆ ಬೀಕನ್ನೇ ಗುರುತು. ಅದು ಸಿಕ್ಕ ಮೇಲೆ ಅಕ್ಕಪಕ್ಕ ಕೇಳುತ್ತಾ ಹೋಗಿ. ಜರ್ಮನರು, ದಕ್ಷಿಣ ಆಫ್ರಿಕದವರು, ನಮ್ಮದೇ ವಿಯು ಕರೆಸಂಕೇತದವರು ಸಿಗುತ್ತಾರೆ. ಅಂಟಾರ್ಕ್ಟಿಕದ ನ್ಯೂಮಾಯರ್ ನೆಲೆಯ ಡಿಪಿ0ಜಿವಿಎನ್ ಕೂಡ ಕೆಲವು ಸಲ ಬರುತ್ತದೆ. ಮಾತಾಡಬೇಕು ಅನ್ನಿಸಿದರೆ 2.4 ಗಿಗಾಹರ್ಟ್ಸ್‌ನಲ್ಲಿ ಮೇಲಕ್ಕೆ ಕಳಿಸಬೇಕು. ಅದಕ್ಕೆ ಹ್ಯಾಮ್ ಪರೀಕ್ಷೆ ಪಾಸು ಮಾಡಿ ಲೈಸೆನ್ಸ್ ಪಡೆಯಲೇಬೇಕು.