ಎದೆಗೆ ಅಂಟಿಸಿದ ಪ್ಯಾಚ್‌ಗೆ ಲಬ್-ಡಬ್ ಎಷ್ಟು ಕೇಳಿಸುತ್ತದೆ?

ಎದೆಗೆ ಅಂಟಿಸಿಕೊಂಡು ಓಡಾಡಬಹುದಾದ ಸೆನ್ಸರ್‌ಗಳು ಬಂದಿವೆ. ದಿನವಿಡೀ ಹೃದಯದ ಸದ್ದು ಕೇಳಿಸಿಕೊಂಡು, ಏನಾದರೂ ಎಡವಟ್ಟಾದರೆ ಅವೇ ಎಚ್ಚರಿಸುತ್ತವೆ ಎಂಬ ಸುದ್ದಿಯನ್ನು ಆಗಾಗ ಓದುತ್ತೇವೆ. ಒಂದು ಕಡೆ 95, 98 ಪರ್ಸೆಂಟ್ ನಿಖರ ಎನ್ನುವ ಅಂಕಿಗಳು. ಇನ್ನೊಂದು ಕಡೆ ಡಾಕ್ಟರ ಕೊರಳಲ್ಲಿ ಇನ್ನೂ ಅದೇ ಸ್ಟೆತಸ್ಕೋಪ್. ಕೆಲಸ ಮುಗಿದಿದೆ ಎನ್ನುವವರೂ ಇದ್ದಾರೆ, ಶುರುವೇ ಆಗಿಲ್ಲ ಎನ್ನುವವರೂ ಇದ್ದಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಹಳೆಯ ಕಥೆಯನ್ನು ಬೇಗ ಮುಗಿಸೋಣ. 1816ರಲ್ಲಿ ಪ್ಯಾರಿಸ್‌ನ ನೆಕೆರ್ ಆಸ್ಪತ್ರೆಯಲ್ಲಿ ಡಾಕ್ಟರ್ ಲೆನೆಕ್ ಕಾಗದವನ್ನು ಕೊಳವೆಯಂತೆ ಸುತ್ತಿ ರೋಗಿಯ ಎದೆಗಿಟ್ಟು ಕೇಳಿದರು. ಸ್ಟೆತಸ್ಕೋಪ್ ಹುಟ್ಟಿದ್ದು ಹಾಗೆ. 1894ರಲ್ಲಿ ಡಚ್ ವಿಜ್ಞಾನಿ ಐಂಥೋವನ್ ಅದೇ ಹೃದಯದ ಸದ್ದನ್ನು ಗೆರೆಯಾಗಿ ಮೂಡಿಸಿದರು. ಇಪ್ಪತ್ತನೇ ಶತಮಾನದ ನಡುವಿನಲ್ಲಿ ಈ ಗೆರೆಗಳನ್ನು ಓದುವುದೇ ದೊಡ್ಡ ವಿದ್ಯೆಯಾಗಿತ್ತು. 1953ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಎಡ್ಲರ್ ಮತ್ತು ಹರ್ಟ್ಸ್ ಅಲ್ಟ್ರಾಸೌಂಡ್‌ನಿಂದ ಹೃದಯವನ್ನು ನೋಡಿದರು. ಮುಂದೆ ಎಕೋ ಯಂತ್ರಗಳು ಆಸ್ಪತ್ರೆಗಳಿಗೆ ಬಂದವು. ಕಣ್ಣಿಗೇ ಕಾಣುವಾಗ ಕಿವಿ ಯಾಕೆ ಬೇಕು, ಅಲ್ವಾ? ಸದ್ದಿನ ಗೆರೆಗಳು ಮೂಲೆ ಸೇರಿದವು. ಅವನ್ನು ಮತ್ತೆ ಎತ್ತಿಕೊಂಡವರು ಹೆಚ್ಚಾಗಿ ಇಂಜಿನಿಯರುಗಳು.

ಸದ್ದು ಅಂದರೆ ಮುಖ್ಯವಾಗಿ ಎರಡು. ಮೈಟ್ರಲ್, ಟ್ರೈಕಸ್ಪಿಡ್ ಕವಾಟಗಳು ಮುಚ್ಚುವಾಗ ಮೊದಲನೆಯದು, ಅಂದರೆ ಲಬ್. ಅಯೋರ್ಟಿಕ್, ಪಲ್ಮನರಿ ಕವಾಟಗಳು ಮುಚ್ಚುವಾಗ ಎರಡನೆಯದು, ಡಬ್. ಕವಾಟದಲ್ಲಿ ತೊಂದರೆ ಇದ್ದರೆ ನಡುವೆ ಹುಸ್ ಎನ್ನುವ ಮರ್ಮರ್ ಕೇಳಬಹುದು. ಹೃದಯ ಸೋತಾಗ ಕೆಲವರಲ್ಲಿ ಮೂರನೆಯ ಸದ್ದೊಂದು ಬರುತ್ತದೆ. ಅದು ತುಂಬಾ ತಗ್ಗಿನ ಶ್ರುತಿಯ ಸದ್ದು. ನಮ್ಮ ಕಿವಿ ಮಂದವಾಗುವ ಜಾಗದಲ್ಲೇ ಅದು ಇರುವುದರಿಂದ ಅನುಭವಿ ಡಾಕ್ಟರಿಗೂ ತಪ್ಪಿಹೋಗುತ್ತದೆ. ಯಂತ್ರ ಬೇಕು ಅನ್ನಿಸಲು ಇದೂ ಒಂದು ಕಾರಣ.

ಯಂತ್ರ ರೋಗ ಹೇಳುವ ಮೊದಲು ಯಾವುದು ಲಬ್, ಯಾವುದು ಡಬ್ ಎಂದು ಗುರುತಿಸಬೇಕು. ಇದು ಗೊತ್ತಾಗದಿದ್ದರೆ ಮರ್ಮರ್ ಹೃದಯ ಹಿಂಡುವಾಗ ಬಂತೋ, ತುಂಬಿಕೊಳ್ಳುವಾಗ ಬಂತೋ ಎಂದು ತಿಳಿಯುವುದಿಲ್ಲ. ಅದು ತಿಳಿಯದೆ ಯಾವ ಕವಾಟ ಎಂದು ಹೇಳುವಂತಿಲ್ಲ. ಇಡೀ ಕ್ಷೇತ್ರ ಇಪ್ಪತ್ತು ವರ್ಷ ಬೆವರು ಸುರಿಸಿದ್ದು ಈ ಒಂದು ಕೆಲಸಕ್ಕೆ.

1997ರಲ್ಲಿ ಲಿಯಾಂಗ್ ಮತ್ತು ಸಂಗಡಿಗರು ಒಂದು ಸರಳ ಉಪಾಯ ತಂದರು. ಸದ್ದಿನ ಶಕ್ತಿಯನ್ನು ಶ್ಯಾನನ್ ಸೂತ್ರದಿಂದ ಲೆಕ್ಕಹಾಕುವುದು. ಇದರಲ್ಲಿ ತೀರಾ ಜೋರಿನದೂ ಮೆರೆಯುವುದಿಲ್ಲ, ತೀರಾ ಮೆಲ್ಲನೆಯದೂ ಎದ್ದು ಕಾಣುವುದಿಲ್ಲ. ನಡುವಿನವು ಗುಡ್ಡಗಳಾಗಿ ಏಳುತ್ತವೆ. ಗುಡ್ಡಗಳ ನಡುವಿನ ಅಂತರ ಅಳೆದರೆ ಆಯಿತು. ನಿಮಿಷಕ್ಕೆ 75 ಬಡಿತ ಇರುವವರಲ್ಲಿ ಒಂದು ಸುತ್ತಿಗೆ 0.8 ಸೆಕೆಂಡ್. ಅದರಲ್ಲಿ ಹಿಂಡುವುದಕ್ಕೆ ಸುಮಾರು 0.3, ತುಂಬಿಕೊಳ್ಳುವುದಕ್ಕೆ 0.5. ಚಿಕ್ಕ ಅಂತರದ ಮೊದಲು ಬಂದದ್ದು ಲಬ್, ಆಮೇಲಿನದು ಡಬ್. ಲೆಕ್ಕ ಚೆನ್ನಾಗಿದೆ. ಆದರೆ ಎರಡು ಮಹಡಿ ಹತ್ತಿ ಬನ್ನಿ. ಬಡಿತ ಏರಿದಾಗ ಕಡಿಮೆಯಾಗುವುದು ಹೆಚ್ಚಾಗಿ ತುಂಬಿಕೊಳ್ಳುವ ಹೊತ್ತು. ಎರಡೂ ಅಂತರಗಳು ಹತ್ತಿರ ಹತ್ತಿರ ಆಗುತ್ತವೆ. ಯಂತ್ರ ಲಬ್ಬನ್ನು ಡಬ್ ಎನ್ನುತ್ತದೆ.

2010ರಲ್ಲಿ ಡೆನ್ಮಾರ್ಕಿನ ಆಲ್ಬೋರ್ಗ್‌ನಿಂದ ಶ್ಮಿಟ್ ತಂಡ ಬೇರೆ ದಾರಿ ತೋರಿಸಿತು. ಒಂದೊಂದೇ ಗುಡ್ಡವನ್ನು ನೋಡುವ ಬದಲು ಇಡೀ ಸಾಲನ್ನು ನೋಡಿ ಎಂದಿತು. ಲಬ್, ನಡುವಿನ ಮೌನ, ಡಬ್, ಮತ್ತೆ ಮೌನ: ಈ ಸರದಿ ಎಂದೂ ಬದಲಾಗುವುದಿಲ್ಲ. ಪ್ರತಿ ಹಂತ ಎಷ್ಟು ಹೊತ್ತು ಇರಬಹುದು ಎಂಬ ಅಂದಾಜೂ ಇದೆ. ಸಂಗೀತ ಕಛೇರಿಯಲ್ಲಿ ಕುಳಿತವರಿಗೆ ಒಂದು ಸಾಲು ಕೇಳಿಸದಿದ್ದರೂ ಕೈ ತಾಳ ಹಾಕುತ್ತಲೇ ಇರುತ್ತದಲ್ಲ, ಈ ಮಾದರಿಯೂ ಹಾಗೆ. ಒಂದು ಬಡಿತ ಗದ್ದಲದಲ್ಲಿ ಮುಳುಗಿದರೂ ಮುಂದಿನದು ಎಲ್ಲಿ ಬೀಳಬೇಕು ಎಂದು ಅದಕ್ಕೆ ಗೊತ್ತು. ಆಕ್ಸ್‌ಫರ್ಡ್‌ನ ಸ್ಪ್ರಿಂಗರ್, ತರಸೆಂಕೊ, ಕ್ಲಿಫರ್ಡ್ ಇದನ್ನೇ ಇನ್ನಷ್ಟು ತಿದ್ದಿದರು. 112 ರೋಗಿಗಳ ಹತ್ತು ಸಾವಿರ ಸೆಕೆಂಡಿಗೂ ಜಾಸ್ತಿ ಧ್ವನಿಯ ಮೇಲೆ ಪರೀಕ್ಷಿಸಿದಾಗ ಅಂಕ ನೂರಕ್ಕೆ 95ರ ಮೇಲೆ ಬಂತು. ಸುದ್ದಿಗಳಲ್ಲಿ ಓಡಾಡುವ ಆ ದೊಡ್ಡ ಅಂಕಿಗಳು ಇಂಥ ಕೆಲಸಗಳಿಂದ ಬಂದವು. ಕೆಲಸ ಒಳ್ಳೆಯದೇ. ಆದರೆ ಆ ಧ್ವನಿಗಳನ್ನು ಯಾರೂ ಓಡಾಡುವವರ ಎದೆಯಿಂದ ತೆಗೆದದ್ದಲ್ಲ.

2016ರಲ್ಲಿ ವೈದ್ಯಕೀಯ ಡೇಟಾ ಹಂಚುವ ಫಿಸಿಯೋನೆಟ್ ಎಂಬ ಜಾಲತಾಣ ಒಂದು ಸ್ಪರ್ಧೆ ಇಟ್ಟಿತು: ಸದ್ದು ಕೇಳಿ ಹೃದಯ ಸರಿಯಿದೆಯೋ ಇಲ್ಲವೋ ಯಂತ್ರ ಹೇಳಬೇಕು. ಕಲಿಸಲು 3,126 ಧ್ವನಿಮುದ್ರಣಗಳನ್ನು ಎಲ್ಲರಿಗೂ ಕೊಟ್ಟಿತು. ಆ ಕಾಲಕ್ಕೆ ಅದು ದೊಡ್ಡ ಉಪಕಾರ. ಗೆದ್ದ ತಂಡದ ಅಂಕ ಒಂದಕ್ಕೆ 0.86. ಆಮೇಲೆ ಬಂದ ನೂರಾರು ಪ್ರಬಂಧಗಳು ಇದೇ ಸಂಗ್ರಹ ಹಿಡಿದು ಅಂಕ ಏರಿಸುತ್ತಾ ಹೋದವು. ಸಂಗ್ರಹದ ಒಳಗೆ ಸ್ವಲ್ಪ ಇಣುಕಿ ನೋಡಿ. ಒಂದು ಕಡೆಯಿಂದ ಬಂದ 409 ಮುದ್ರಣಗಳಲ್ಲಿ 292 ತೊಂದರೆ ಇರುವವರದು. ಇನ್ನೊಂದು ಕಡೆಯಿಂದ ಬಂದ 2,141ರಲ್ಲಿ ಅಂಥವು 183 ಮಾತ್ರ. ಒಂದೊಂದು ಊರಿನ ಸ್ಟೆತಸ್ಕೋಪ್ ಬೇರೆ, ಕೋಣೆ ಬೇರೆ. ಹೀಗಿದ್ದಾಗ ಯಂತ್ರ ರೋಗ ಹುಡುಕಲೇಬೇಕೆಂದಿಲ್ಲ. ಧ್ವನಿ ಯಾವ ಊರಿನದು ಎಂದು ಪತ್ತೆಮಾಡಿದರೂ ಅರ್ಧ ಪಾಸು! ತರಬೇತಿಗೂ ಪರೀಕ್ಷೆಗೂ ಇದೇ ರಾಶಿಯನ್ನು ಕಲಸಿ ಹಂಚಿದ ಪ್ರಬಂಧಗಳಲ್ಲಿ 98, 99 ಎಂದು ಕಂಡರೆ ಸುಮ್ನೆ ಚಪ್ಪಾಳೆ ತಟ್ಟುವ ಮೊದಲು ಇದು ನೆನಪಿರಲಿ. ಇದರಲ್ಲಿ ಯಾರ ಕಪಟವೂ ಇಲ್ಲ. ಸಿಕ್ಕಿದ ಡೇಟಾದಲ್ಲೇ ಎಲ್ಲರೂ ಕೆಲಸ ಮಾಡಿದರು.

2022ರ ಸ್ಪರ್ಧೆ ಸ್ವಲ್ಪ ವಾಸ್ತವಕ್ಕೆ ಹತ್ತಿರ ಬಂತು. ಬ್ರೆಜಿಲ್‌ನ ಪರೈಬಾ ರಾಜ್ಯದ ತಪಾಸಣಾ ಶಿಬಿರಗಳಲ್ಲಿ ಸಂಗ್ರಹಿಸಿದ, 1,568 ಜನರ ಐದು ಸಾವಿರಕ್ಕೂ ಹೆಚ್ಚು ಮುದ್ರಣಗಳು. ಹೆಚ್ಚಿನವರು ಮಕ್ಕಳು. ಅಳು, ಮಾತು, ಉಜ್ಜಿದ ಸದ್ದು ಎಲ್ಲ ಸೇರಿವೆ. ಆದರೂ ಅದು ಸ್ಟೆತಸ್ಕೋಪ್ ಹಿಡಿದು ಮಾಡಿದ ಕೆಲಸವೇ.

ಪ್ಯಾಚ್ ಮಾಡುವವರ ಲೋಕ ಬೇರೆಯೇ. 2016ರಲ್ಲೇ ಅಮೆರಿಕದ ಜಾನ್ ರಾಜರ್ಸ್ ತಂಡ ಚರ್ಮಕ್ಕೆ ಅಂಟುವ ಮೆತ್ತನೆಯ ಸಾಧನವೊಂದನ್ನು ತೋರಿಸಿತು. ಒಳಗೆ ಅಲುಗಾಟ ಅಳೆಯುವ ಸಣ್ಣ ಆಕ್ಸೆಲೆರೋಮೀಟರ್. ಅದು ಗಾಳಿಯಲ್ಲಿ ಬಂದ ಸದ್ದಿಗಿಂತ ಚರ್ಮದ ನಡುಕವನ್ನೇ ಹಿಡಿಯುತ್ತದೆ. ಹಾಗಾಗಿ ಟಿವಿ, ಹಾರ್ನ್ ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಆದರೆ ನಡೆದರೆ ಹೆಜ್ಜೆಯೂ ನಡುಕವೇ, ಮಾತಾಡಿದರೆ ಗಂಟಲೂ ನಡುಕವೇ. ಮೈಕ್ರೋಫೋನ್ ಹಾಕಿದರೆ ಹೊರಗಿನ ಗದ್ದಲ ಒಳಗೆ ಬರುತ್ತದೆ. 2023ರಲ್ಲಿ ಅದೇ ತಂಡ ಒಂದು ಮೈಕನ್ನು ದೇಹದ ಕಡೆಗೂ ಇನ್ನೊಂದನ್ನು ಹೊರಗಡೆಗೂ ತಿರುಗಿಸಿಟ್ಟು, ಎರಡನ್ನೂ ಹೋಲಿಸಿ ಹೊರಗಿನ ಸದ್ದನ್ನು ಕಳೆಯಿತು. ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಮೇಲೂ ಅದನ್ನು ಬಳಸಿದರು.

ಇನ್ನೊಂದು ಸುಲಭದ ದಾರಿ ಮೊದಲಿನಿಂದಲೂ ಇತ್ತು. ಅದೇ ಪ್ಯಾಚಿನಲ್ಲಿ ಇಸಿಜಿ, ಅಂದರೆ ಹೃದಯದ ವಿದ್ಯುತ್ತನ್ನು ಅಲೆಗಳಾಗಿ ದಾಖಲಿಸುವ ಎಲೆಕ್ಟ್ರೋಡ್ ಇಡುವುದು. ಇಸಿಜಿಯಲ್ಲಿ ಎತ್ತರದ ಮೊನೆಯಂತೆ ಕಾಣುವ ಆರ್ ಅಲೆ ಎದ್ದ ಕೂಡಲೇ ಲಬ್ ಬರುತ್ತದೆ, ಟಿ ಅಲೆ ಮುಗಿಯುವ ಹೊತ್ತಿಗೆ ಡಬ್. ಮೇಲೆ ಹೇಳಿದ ಇಪ್ಪತ್ತು ವರ್ಷದ ಒಗಟು ಬಹುಪಾಲು ಇಲ್ಲೇ ಬಿಡಿಸಿಹೋಗುತ್ತದೆ. ಯಂತ್ರ ಸರಿಯಾಗಿ ಹೇಳಿತೇ ಎಂದು ನೋಡಲು ಸಂಶೋಧಕರು ಬಳಸುತ್ತಿದ್ದುದೂ ಇಸಿಜಿಯನ್ನೇ. ಬರೀ ಸದ್ದಿನಿಂದಲೇ ಕಂಡುಹಿಡಿಯಬೇಕು ಎಂಬ ಹಟ ಸ್ಟೆತಸ್ಕೋಪಿಗೆ ಸರಿ, ಅದರಲ್ಲಿ ಇಸಿಜಿ ಇರುತ್ತಿರಲಿಲ್ಲ. ಪ್ಯಾಚಿಗೂ ಆ ಹಟ ಯಾಕೆ ಬಂತೋ!

ದಿನವಿಡೀ ಕೇಳುವುದು ಎಂದರೆ ಏನು ಎಂಬುದನ್ನೂ ಲೆಕ್ಕ ಹಾಕಬೇಕು. ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ನೂರಕ್ಕೆ ಐದು ತಪ್ಪು ಎಂದರೂ ದಿನಕ್ಕೆ ಐದು ಸಾವಿರ ತಪ್ಪು. ಪ್ರತಿ ತಪ್ಪಿಗೂ ಫೋನ್ ಕೂಗಿದರೆ ಎರಡನೇ ದಿನವೇ ಪ್ಯಾಚ್ ಕಿತ್ತು ಎಸೆಯುತ್ತೇವೆ. ಅದಕ್ಕೇ ಗದ್ದಲದ ತುಣುಕುಗಳನ್ನು ಮೊದಲೇ ಬದಿಗಿಡುವ ಪದ್ಧತಿ ಬಂದಿದೆ. ಅಂಥ ತುಣುಕಿನ ಬಗ್ಗೆ ಗೊತ್ತಿಲ್ಲ ಎಂದು ಹೇಳುವುದೂ ಯಂತ್ರಕ್ಕೆ ಕಲಿಸಬೇಕಾದ ವಿದ್ಯೆಯೇ.

ಒಬ್ಬರದೇ ಹೃದಯ ತಿಂಗಳಿನಿಂದ ತಿಂಗಳಿಗೆ ಹೇಗೆ ಬದಲಾಯಿತು ಎಂದು ನೋಡುವುದರಲ್ಲಿ ಜಾಸ್ತಿ ಲಾಭ ಇದೆ ಎನ್ನುವುದಕ್ಕೆ ಸಾಕ್ಷಿ ಪ್ಯಾಚಿನಿಂದಲ್ಲ, ದೇಹದೊಳಗೆ ಕೂರಿಸುವ ಸಾಧನದಿಂದ ಬಂತು. 2017ರ ಮಲ್ಟಿಸೆನ್ಸ್ ಅಧ್ಯಯನದಲ್ಲಿ ಒಂದನೇ ಮತ್ತು ಮೂರನೇ ಸದ್ದು, ಉಸಿರು, ನಾಡಿ, ಚಟುವಟಿಕೆ ಎಲ್ಲ ಸೇರಿಸಿ ಲೆಕ್ಕ ಹಾಕಿದರು. ಹೃದಯ ವೈಫಲ್ಯ ಬಿಗಡಾಯಿಸಿದ ಪ್ರಸಂಗಗಳಲ್ಲಿ 70 ಪರ್ಸೆಂಟನ್ನು ಅದು ಮುಂಚೆಯೇ ಹೇಳಿತು. ಅದೂ ಸಾಮಾನ್ಯವಾಗಿ 34 ದಿನ ಮುಂಚೆ. 99ರ ಮುಂದೆ 70 ಸಪ್ಪೆ ಎನ್ನಿಸಬಹುದು. ಆದರೆ ಅದು ಮನೆಯಲ್ಲಿ ಓಡಾಡಿಕೊಂಡಿದ್ದ ರೋಗಿಗಳಿಂದ ಬಂದ 70.

ಒಳಗೆ ಕೂತ ಸಾಧನ ಜಾಗ ಬಿಟ್ಟು ಕದಲುವುದಿಲ್ಲ. ಪ್ಯಾಚ್ ಹಾಗಲ್ಲ. ಬೆವರಿಗೆ ಸಡಿಲವಾಗುತ್ತದೆ, ಎದೆಯ ಕೂದಲಿಗೆ ಎದ್ದುಬರುತ್ತದೆ, ಬದಲಿಸಿದಾಗ ಎರಡು ಬೆರಳು ಆಚೀಚೆ ಕೂರುತ್ತದೆ. ಆ ಎರಡು ಬೆರಳಿಗೇ ಸದ್ದು ಬೇರೆ ಆಗುತ್ತದೆ. ಹಾಗಾಗಿ ಬೇಕಾಗಿರುವುದು ನಡೆಯುವಾಗ, ಮಾತಾಡುವಾಗ, ಮೆಟ್ಟಿಲು ಹತ್ತುವಾಗ ಪ್ಯಾಚಿನಲ್ಲೇ ಮುದ್ರಿಸಿದ, ಪಕ್ಕದಲ್ಲಿ ಇಸಿಜಿ ಮತ್ತು ಎಕೋ ವರದಿ ಇರುವ, ಯಾರು ಬೇಕಾದರೂ ಬಳಸಬಹುದಾದ ಸಂಗ್ರಹ. ಮುಂದಿನ ಸ್ಪರ್ಧೆ ಅದರ ಮೇಲೆ ನಡೆದರೆ ಎಲ್ಲರ ಅಂಕವೂ ಇಳಿಯುತ್ತದೆ. ಇಳಿಯಲಿ ಬಿಡಿ.