ಲೇಸರ್ ಡಯೋಡ್ ಒಂದು ಕ್ಷಣ ಉರಿದು ಮಂಕಾಗುವುದೇಕೆ?

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ನಮ್ಮ ಮನೆ. ಅಡಿಕೆ ಒಣಗಿಸುವ ಅಂಗಳಕ್ಕೆ ಅಡ್ಡಲಾಗಿ ಲೇಸರ್ ಬಿಟ್ಟು, ಯಾರಾದರೂ ದಾಟಿದರೆ ಬಜರ್ ಕೂಗುವಂತೆ ಮಾಡಲು ಹೊರಟಿದ್ದೇನೆ. ಕೀಚೈನ್ ಲೇಸರ್ ಬಿಚ್ಚಿ, ಒಳಗಿನ ಡಯೋಡನ್ನು ಮೊಬೈಲ್ ಚಾರ್ಜರಿಗೆ ಜೋಡಿಸಿದೆ. ಒಂದು ಕ್ಷಣ ಜೋರಾಗಿ ಉರಿಯಿತು, ಆಮೇಲೆ ಬರೀ ಮಂಕು ಕೆಂಪು. ಇನ್ನೊಂದು ತಂದೆ, ಅದೂ ಹಾಗೇ ಆಯಿತು. ಎಷ್ಟು ವೋಲ್ಟೇಜ್ ಕೊಡಬೇಕು?

ಉತ್ತರ: ಲೇಸರ್ ಡಯೋಡಿಗೆ ಅಳೆದು ಕೊಡಬೇಕಾದ್ದು ಕರೆಂಟನ್ನು. ಅದು ಸರಿಯಿದ್ದರೆ ವೋಲ್ಟೇಜ್ ತಾನಾಗಿ ಸರಿಹೋಗುತ್ತದೆ. 650 ನ್ಯಾನೊಮೀಟರ್, 5 ಮಿಲಿವ್ಯಾಟ್‌ನ ಸಾಮಾನ್ಯ ಕೆಂಪು ಡಯೋಡ್ ಕೆಲಸ ಮಾಡುವಾಗ ಅದರ ಎರಡು ಕಾಲುಗಳ ನಡುವೆ ಸುಮಾರು 2.2 ವೋಲ್ಟ್ ಇರುತ್ತದೆ, 25–35 ಮಿಲಿಆಂಪಿಯರ್ ಹರಿಯುತ್ತದೆ. ಅಲ್ಲಿಂದ ವೋಲ್ಟೇಜ್ ಚೂರು ಏರಿದರೂ ಕರೆಂಟು ಹಲವು ಪಟ್ಟು ಏರುತ್ತದೆ. ಡಯೋಡ್ ಬಿಸಿಯಾದಂತೆ ಅದೇ ವೋಲ್ಟೇಜಿಗೆ ಇನ್ನಷ್ಟು ಕರೆಂಟು ಎಳೆಯುತ್ತದೆ.

ಕೀಚೈನಿನೊಳಗೆ ಅದು ಬದುಕಿದ್ದದ್ದು ಗುಂಡಿ ಸೆಲ್‌ಗಳ ದೆಸೆಯಿಂದ. ಮೂರು ಎಲ್‌ಆರ್44 ಸೇರಿದರೆ 4.5 ವೋಲ್ಟ್ ಆಗುತ್ತದೆ, ನಿಜ. ಆದರೆ ಆ ಪುಟ್ಟ ಸೆಲ್‌ಗಳ ಒಳರೋಧವೇ ಕರೆಂಟನ್ನು ತಡೆದು ಹಿಡಿಯುತ್ತದೆ. ಕೆಲವದರಲ್ಲಿ ಜೊತೆಗೊಂದು ಸಣ್ಣ ರೆಸಿಸ್ಟರ್ ಇರುತ್ತದೆ, ಅಷ್ಟೆ. ಮೊಬೈಲ್ ಚಾರ್ಜರಿನಲ್ಲಿ ಅಂಥ ತಡೆ ಇಲ್ಲ. ಡಯೋಡಿನೊಳಗಿನ ಅರೆವಾಹಕ ಚಿಪ್‌ನ ಎರಡೂ ತುದಿಗಳು ಕನ್ನಡಿಯಂತೆ ಕೆಲಸ ಮಾಡುತ್ತವೆ. ಬೆಳಕೆಲ್ಲ ಹೊರಬರುವುದು ಕೆಲವೇ ಮೈಕ್ರಾನ್ ಅಗಲದ ಜಾಗದಿಂದ. ಮಿತಿ ಮೀರಿದರೆ ಆ ತುದಿ ಕಣ್ಣೆವೆ ಇಕ್ಕುವುದಕ್ಕಿಂತ ಎಷ್ಟೋ ಮೊದಲೇ ಕರಗಿಹೋಗುತ್ತದೆ. ಕನ್ನಡಿ ಹೋದ ಮೇಲೆ ಉಳಿಯುವುದು ಬರೀ ಎಲ್‌ಇಡಿ.

ಮಂಕಾದ ಎಲ್ಲ ಡಯೋಡೂ ಸತ್ತಿರುವುದಿಲ್ಲ. ಕರೆಂಟು ಕಡಿಮೆಯಾದರೂ, ಸಾಮಾನ್ಯವಾಗಿ 15–25 ಮಿಲಿಆಂಪಿಯರ್ ದಾಟುವವರೆಗೆ, ಅದು ಎಲ್‌ಇಡಿಯಂತೆಯೇ ಮಂಕಾಗಿ ಉರಿಯುತ್ತದೆ. ಬೆಳಕನ್ನು ಬಿಳಿ ಗೋಡೆಯ ಮೇಲೆ ಬಿಟ್ಟು ನೋಡಿ. ಲೇಸರ್ ಆಗಿದ್ದರೆ ಚುಕ್ಕೆಯೊಳಗೆ ಮರಳು ಚೆಲ್ಲಿದಂತೆ ಕಾಳುಕಾಳಾದ ಮಿನುಗು ಕಾಣುತ್ತದೆ. ಸರಿಯಾದ ಕರೆಂಟಿಗೂ ಆ ಮಿನುಗು ಬಾರದಿದ್ದರೆ ಡಯೋಡ್ ಹೋಗಿದೆ. ನೀವು ಹೇಳಿದ ಲಕ್ಷಣ ನೋಡಿದರೆ ಎರಡೂ ಹೋಗಿವೆ.

ಇನ್ನು ಸರ್ಕ್ಯೂಟ್. ಎಲ್‌ಎಂ317 ಎಂಬ ವೋಲ್ಟೇಜ್ ರೆಗ್ಯುಲೇಟರ್ ಐಸಿ ಒಂದು, 47 ಓಮ್ ಕಾಲು ವ್ಯಾಟಿನ ರೆಸಿಸ್ಟರ್ ಒಂದು, 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದು, 1ಎನ್4007 ಡಯೋಡ್ ನಾಲ್ಕು ಸಾಕು. ಐಸಿಯ ಬರಹ ನಿಮ್ಮ ಕಡೆಗಿದ್ದು ಕಾಲುಗಳು ಕೆಳಗಿದ್ದರೆ ಎಡದಿಂದ ಅಡ್ಜಸ್ಟ್, ಔಟ್, ಇನ್. ಬ್ಯಾಟರಿಯ ಪ್ಲಸ್ ಇನ್‌ಗೆ ಹೋಗಲಿ. ಔಟ್ ಮತ್ತು ಅಡ್ಜಸ್ಟ್ ನಡುವೆ 47 ಓಮ್ ಬರಲಿ. ಲೇಸರಿನ ಪ್ಲಸ್ ಕಾಲು ಅಡ್ಜಸ್ಟ್‌ಗೆ, ಮೈನಸ್ ಕಾಲು ಬ್ಯಾಟರಿಯ ಮೈನಸ್‌ಗೆ. ಹೆಚ್ಚಿನವರು ಎಡವುವುದು ಇಲ್ಲೇ: ಹೆಸರು ನೋಡಿ ಲೇಸರನ್ನು ನೇರ ಔಟ್‌ಗೆ ಜೋಡಿಸುತ್ತಾರೆ. ಹಾಗೆ ಮಾಡಿದರೆ ಕರೆಂಟಿಗೆ ತಡೆಯೇ ಇರುವುದಿಲ್ಲ.

ಈ ಐಸಿ ಔಟ್–ಅಡ್ಜಸ್ಟ್ ನಡುವೆ ಸದಾ 1.25 ವೋಲ್ಟ್ ಕಾಯ್ದುಕೊಳ್ಳುತ್ತದೆ. 1.25ನ್ನು 47ರಿಂದ ಭಾಗಿಸಿದರೆ 26.6 ಮಿಲಿಆಂಪಿಯರ್. ಹೊಸ ಡಯೋಡಿಗೆ ಮೊದಲು 68 ಓಮ್ ಹಾಕಿ (18.4), ಆಮೇಲೆ 56 (22.3), ಕೊನೆಗೆ 47. ಚುಕ್ಕೆ ಥಟ್ಟನೆ ಚುರುಕಾದಲ್ಲಿಗೆ ನಿಲ್ಲಿಸಿ. ಸುಲಭವೆಂದು ಪ್ರೀಸೆಟ್ (ತಿರುಗಿಸಿ ಬದಲಿಸುವ ರೆಸಿಸ್ಟರ್) ಮಾತ್ರ ಹಾಕಬೇಡಿ, ತಿರುಗಿಸುತ್ತಾ ಸೊನ್ನೆ ಮುಟ್ಟಿದರೆ ಒಂದು ಆಂಪಿಯರಿಗೂ ಹೆಚ್ಚು ಹರಿದೀತು.

ಐಸಿಗೇ ಸುಮಾರು 2 ವೋಲ್ಟ್ ಬೇಕು. ಲೇಸರಿನ 2.2, ರೆಸಿಸ್ಟರಿನ 1.25 ಕೂಡಿದರೆ ಸುಮಾರು 5.5 ವೋಲ್ಟ್, ಹಾಗಾಗಿ 5 ವೋಲ್ಟ್ ಚಾರ್ಜರ್ ಇದಕ್ಕೆ ಸಾಲದು. ಮಲೆನಾಡಿನ ಕರೆಂಟು ನಂಬಿ ಕಾವಲು ಇಡುವಂತಿಲ್ಲವಾದ್ದರಿಂದ 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿ ಒಳ್ಳೆಯದು. ಚಾರ್ಜ್ ಆಗುವಾಗ ಅದು 14.4ಕ್ಕೆ ಏರಿದರೂ ಐಸಿಯಲ್ಲಿ ವ್ಯಯವಾಗುವುದು 0.3 ವ್ಯಾಟ್‌ನಷ್ಟೇ, ಹೀಟ್‌ಸಿಂಕ್ ಬೇಡ. ಲೇಸರ್ ಡಯೋಡಿಗೆ ಮಾತ್ರ ಲೋಹದ ಕವಚ ಬೇಕೇಬೇಕು.

ಲೇಸರ್ ಜೋಡಿಸುವ ಮೊದಲು ಅದರ ಜಾಗದಲ್ಲಿ ಮೂರು 1ಎನ್4007 ಮತ್ತು 10 ಓಮ್ ರೆಸಿಸ್ಟರನ್ನು ಸಾಲಾಗಿ ಹಾಕಿ ಪರೀಕ್ಷಿಸಿ. 10 ಓಮ್ ಮೇಲೆ 0.266 ವೋಲ್ಟ್ ಬಂದರೆ 26.6 ಮಿಲಿಆಂಪಿಯರ್ ಹರಿಯುತ್ತಿದೆ ಎಂದರ್ಥ. ನಾಲ್ಕನೆಯ 1ಎನ್4007 ಅನ್ನು ಲೇಸರಿಗೆ ಸಮಾಂತರವಾಗಿ, ತಿರುವುಮುರುವಾಗಿ ಹಾಕಿ. ಬ್ಯಾಟರಿ ಉಲ್ಟಾ ಆದ ದಿನ ಅದೇ ಕಾಪಾಡುತ್ತದೆ. ಕೆಪಾಸಿಟರನ್ನೂ ಲೇಸರಿಗೆ ಸಮಾಂತರವಾಗಿ ಇಡಿ.

ಆ ಕೆಪಾಸಿಟರಿನ ವಿಷಯದಲ್ಲಿ ಬಹಳ ಎಚ್ಚರ ಬೇಕು. ಲೇಸರ್ ಇಲ್ಲದೆ ಸ್ವಿಚ್ ಹಾಕಿದರೆ ಅದು ಹೆಚ್ಚುಕಡಿಮೆ ಬ್ಯಾಟರಿಯಷ್ಟೇ ವೋಲ್ಟೇಜಿಗೆ ತುಂಬಿಕೊಂಡಿರುತ್ತದೆ. ಅದೇ ಸ್ಥಿತಿಯಲ್ಲಿ ಲೇಸರ್ ಮುಟ್ಟಿಸಿದರೆ ಆ ಚಾರ್ಜೆಲ್ಲ ಒಮ್ಮೆಲೇ ಡಯೋಡಿಗೆ ನುಗ್ಗುತ್ತದೆ. ಸರ್ಕ್ಯೂಟ್ ಸರಿಯಿದ್ದೂ ಡಯೋಡ್ ಹೋಯಿತು ಎನ್ನುವವರು ಮೊದಲು ನೋಡಬೇಕಾದ್ದು ಇದನ್ನೇ. ಸ್ವಿಚ್ ಆರಿಸಿ, ಕೆಪಾಸಿಟರಿನ ಎರಡು ಕಾಲುಗಳನ್ನು 100 ಓಮ್ ರೆಸಿಸ್ಟರಿನಿಂದ ಸೇರಿಸಿ ಖಾಲಿ ಮಾಡಿ, ಆಮೇಲೆ ಬೆಸುಗೆ ಹಾಕಿ. ಎರಡು ಪಿನ್ನಿನ ಅಗ್ಗದ ಸೋಲ್ಡರಿಂಗ್ ಐರನ್ನಿನ ತುದಿಯಲ್ಲಿ ಮೇನ್ಸ್ ಸೋರಿಕೆ ಇರಬಹುದು. ಐರನ್ ಕಾದ ಮೇಲೆ ಪ್ಲಗ್ ಕಿತ್ತು, ಮೂರು ಸೆಕೆಂಡಿನೊಳಗೆ ಬೆಸುಗೆ ಮುಗಿಸಿ. ಡಯೋಡಿನ ಕಾಲುಗಳಿಗೆ ತೆಳು ತಂತಿ ಸುತ್ತಿಟ್ಟುಕೊಂಡಿದ್ದು, ಬೆಸುಗೆ ಆದ ಮೇಲೆ ಬಿಚ್ಚಿದರೆ ಸ್ಥಾಯೀ ವಿದ್ಯುತ್ತಿನ (ಸ್ಟ್ಯಾಟಿಕ್) ಭಯವೂ ಇರುವುದಿಲ್ಲ.

ಬಿಡಿ ಡಯೋಡಿಗೆ ಮೂರು ಕಾಲುಗಳಿರುತ್ತವೆ: ಒಂದು ಲೇಸರಿನದು, ಒಂದು ಒಳಗೆ ಬೆಳಕನ್ನು ಅಳೆಯುವ ಫೋಟೋಡಯೋಡಿನದು, ಒಂದು ಎರಡಕ್ಕೂ ಸೇರಿದ್ದು. ಕ್ರಮ ಎಲ್ಲದರಲ್ಲೂ ಒಂದೇ ಅಲ್ಲ, ಡೇಟಾಶೀಟ್ ನೋಡಲೇಬೇಕು. ಮಲ್ಟಿಮೀಟರಿನ ಡಯೋಡ್ ಮೋಡಿನಲ್ಲಿ ಫೋಟೋಡಯೋಡ್ ಸುಮಾರು 0.6–0.7 ತೋರಿಸುತ್ತದೆ, ಲೇಸರ್ 1.6ರ ಮೇಲೆ ತೋರಿಸುತ್ತದೆ, ಅಥವಾ ಏನೂ ತೋರಿಸುವುದಿಲ್ಲ. ಇದೆಲ್ಲ ರಗಳೆ ಅನ್ನಿಸಿದರೆ ಎರಡೇ ತಂತಿಯ, ಹಿತ್ತಾಳೆ ಕವಚದ ಮಾಡ್ಯೂಲ್ ಕೊಳ್ಳಿ. ಅದರೊಳಗೆ ರೆಸಿಸ್ಟರ್ ಇದ್ದರೂ ಮೇಲಿನ ಸರ್ಕ್ಯೂಟಿನಿಂದಲೇ ಓಡಿಸಬಹುದು. ರೆಸಿಸ್ಟರಿನ ಪಾಲಿಗೆ ಇನ್ನೆರಡು ಮೂರು ವೋಲ್ಟ್ ಬೇಕಾಗುತ್ತದೆ, 12 ವೋಲ್ಟ್ ಬ್ಯಾಟರಿಯಲ್ಲಿ ಅದಕ್ಕೆ ಬೇಕಾದಷ್ಟು ಅವಕಾಶವಿದೆ.

ಹಳೆಯ ಡಿವಿಡಿ ರೈಟರ್ ಒಡೆದು ಡಯೋಡ್ ತೆಗೆಯುವ ಯೋಚನೆ ಇದ್ದರೆ ದಯವಿಟ್ಟು ಬಿಟ್ಟುಬಿಡಿ. ಅದು 100 ಮಿಲಿವ್ಯಾಟಿಗೂ ಮೇಲೆ ಉಗುಳುತ್ತದೆ, ರೆಪ್ಪೆ ಮುಚ್ಚುವ ಮೊದಲೇ ಅಕ್ಷಿಪಟಲ ಸುಡಬಹುದು. ಸುಟ್ಟದ್ದು ಮತ್ತೆ ಸರಿಹೋಗುವುದಿಲ್ಲ. ಕಾವಲಿಗೆ 5 ಮಿಲಿವ್ಯಾಟೇ ಧಾರಾಳ, ಅದನ್ನೂ ನೇರ ನೋಡಬಾರದು. ಕಿರಣವನ್ನು ನೆಲದಿಂದ ಒಂದಡಿ ಎತ್ತರದಲ್ಲಿ ಬಿಡಿ, ಕೊನೆಯಲ್ಲಿ ಕಪ್ಪು ಬಳಿದ ಹಲಗೆ ನಿಲ್ಲಿಸಿ. ಅಂಗಳದಲ್ಲಿ ತೆವಳುವ ಮಗುವಿದ್ದರೆ ರಾತ್ರಿ ಮಾತ್ರ ಹಾಕಿ. ಆಕಾಶಕ್ಕಂತೂ ಎಂದೂ ತಿರುಗಿಸಬೇಡಿ. 2023ರಿಂದ ಶಿವಮೊಗ್ಗದ ಹತ್ತಿರದ ಸೋಗಾನೆಯಲ್ಲಿ ವಿಮಾನ ಇಳಿಯುತ್ತಿದೆ, ಪೈಲಟ್ ಕಣ್ಣು ಕೋರೈಸಲು ಇಷ್ಟು ಬೆಳಕೂ ಸಾಕು.

ಡ್ರೈವರನ್ನು, ಅಂದರೆ ಮೇಲಿನ ಸರ್ಕ್ಯೂಟನ್ನು, ಲೇಸರಿನ ಡಬ್ಬಿಯಲ್ಲೇ ಇಡಿ. ಉದ್ದ ತಂತಿ ಎಳೆದರೆ ಏಪ್ರಿಲ್–ಮೇ ಗುಡುಗಿನ ದಿನಗಳಲ್ಲಿ ಅದು ಆಂಟೆನಾ ಆಗುತ್ತದೆ. ಮೋಡ ಕಟ್ಟಿದಾಗ ಬ್ಯಾಟರಿಯಿಂದ ಬಿಡಿಸುವುದೇ ಕ್ಷೇಮ. ಮಳೆಗಾಲದ ತೇವಕ್ಕೆ ಬೋರ್ಡಿನ ತಾಮ್ರ ಹಸಿರುಗಟ್ಟುತ್ತದೆ, ಲೆನ್ಸಿನ ಮೇಲೆ ಹನಿ ಕೂರುತ್ತದೆ. ಬೆಸುಗೆಗೆ ವಾರ್ನಿಶ್ ಬಳಿದು, ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ.

ಕಿರಣ ಬೀಳುವ ಆ ಕಡೆ ಎಲ್‌ಡಿಆರ್ (ಬೆಳಕಿಗೆ ತಕ್ಕಂತೆ ರೋಧ ಬದಲಾಗುವ ಬಿಡಿಭಾಗ) ಅನ್ನು 10 ಸೆಂಟಿಮೀಟರ್ ಉದ್ದದ ಕಪ್ಪು ಪೈಪಿನ ತಳದಲ್ಲಿ ಕೂರಿಸಿದರೆ ಅಂಗಳದ ದೀಪ ಅದಕ್ಕೆ ತಾಗುವುದಿಲ್ಲ. ಬಜರ್ ಯಾವಾಗ ಕೂಗಬೇಕೆಂಬ ಮಟ್ಟವನ್ನು ಸಂಜೆ ಹೊಂದಿಸಬೇಡಿ. ಅಡಿಕೆ ಒಣಗುವ ಡಿಸೆಂಬರ್–ಜನವರಿಯ ಬೆಳಗಿನ ಜಾವ ಮಂಜು ಕವಿದು ಕಿರಣ ಕ್ಷೀಣಿಸಿ ಬಜರ್ ಸುಮ್ಮಸುಮ್ಮನೆ ಕೂಗುತ್ತದೆ. ಮಂಜು ದಟ್ಟವಾಗಿರುವಾಗಲೇ ಎದ್ದು, ಕೈ ಅಡ್ಡ ಹಿಡಿದಾಗ ಮಾತ್ರ ಕೂಗುವಂತೆ ರಿಸೀವರಿನ ಪ್ರೀಸೆಟ್ ತಿರುಗಿಸಿ.