ನೂರು ಗ್ರಾಂ ಹಿಂದೆ ನೂರಿಪ್ಪತ್ತು ವರ್ಷ

ಒಂದು ಲೋಟ ನೀರು ಹೆಚ್ಚುಕಡಿಮೆ 200 ಗ್ರಾಂ ತೂಗುತ್ತದೆ. 2024ರ ಆಗಸ್ಟ್ 7ರ ಬೆಳಿಗ್ಗೆ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ತೂಕದ ಯಂತ್ರ ಹತ್ತಿದ ಕುಸ್ತಿಪಟು ವಿನೇಶ್ ಫೋಗಾಟ್ ಮೈಯಲ್ಲಿ ಹೆಚ್ಚಿಗೆ ಉಳಿದಿದ್ದು ಅದರ ಅರ್ಧ. ಹಿಂದಿನ ದಿನವಷ್ಟೇ ಅವರು ಮಹಿಳೆಯರ 50 ಕೆಜಿ ವಿಭಾಗದಲ್ಲಿ ಮೂವರನ್ನು ಸೋಲಿಸಿದ್ದರು. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಅಲ್ಲಿಯವರೆಗೆ ಸೋಲನ್ನೇ ಕಾಣದ ಜಪಾನಿನ ಯುಯಿ ಸುಸಾಕಿ 3–2ರಲ್ಲಿ, ಉಕ್ರೇನಿನ ಒಕ್ಸಾನಾ ಲಿವಾಚ್ 7–5ರಲ್ಲಿ, ಕ್ಯೂಬಾದ ಯುಸ್ನೇಲಿಸ್ ಗುಜ್ಮಾನ್ 5–0ಯಲ್ಲಿ ಸೋತರು. ಒಲಿಂಪಿಕ್ಸ್ ಕುಸ್ತಿಯ ಫೈನಲ್ ತಲುಪಿದ ಮೊದಲ ಭಾರತೀಯ ಮಹಿಳೆ ಮರುದಿನ ಬೆಳಿಗ್ಗೆ ಅನರ್ಹರಾದರು. ಬೆಳ್ಳಿಯೂ ಉಳಿಯಲಿಲ್ಲ, ಪಟ್ಟಿಯಲ್ಲಿ ಅವರ ಹೆಸರು ಕಟ್ಟಕಡೆಗೆ ಹೋಯಿತು.

ಯೂರೋಪಿಗೆ ಅದು ಬೇಸಿಗೆ. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದ ಕಡೆ ರಾಗಿ ಬಿತ್ತನೆಯ ಹೊತ್ತು. ಒಂದು ಸುದ್ದಿ ಆರುವ ಮೊದಲೇ ಇನ್ನೊಂದು ಬಂದು ಬೀಳುತ್ತಿತ್ತು. ಜುಲೈ 13ಕ್ಕೆ ಟ್ರಂಪ್ ಮೇಲೆ ಗುಂಡಿನ ದಾಳಿ, 21ಕ್ಕೆ ಬೈಡನ್ ಕಣದಿಂದ ಹಿಂದಕ್ಕೆ, 30ಕ್ಕೆ ವಯನಾಡಿನ ಭೂಕುಸಿತ, ಆಗಸ್ಟ್ 5ಕ್ಕೆ ಶೇಖ್ ಹಸೀನಾ ದೇಶ ಬಿಟ್ಟಿದ್ದು. ಬಾಂಗ್ಲಾ ಗಡಿಯವರೆಗೂ ಟೊಮೆಟೊ ಲೋಡ್ ಕಳಿಸುವ ಕೋಲಾರದ ಮಂಡಿಯವರಿಗೆ ಢಾಕಾದ ಗಲಾಟೆ ದೂರದ ಸುದ್ದಿಯೇನೂ ಅಲ್ಲ. ಅದರ ಎರಡೇ ದಿನಕ್ಕೆ ಈ ನೂರು ಗ್ರಾಂ. ಅಂಗಡಿ ಮುಂದೆ, ಬಸ್ಸಿನಲ್ಲಿ, ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಎಲ್ಲ ಕಡೆ ಒಂದೇ ಪ್ರಶ್ನೆ: ‘ಬರೀ ನೂರು ಗ್ರಾಂಗೆ ಬಿಡಬಾರದಿತ್ತಾ?’ ಪಿತೂರಿ ಎಂದವರುಂಟು, ಜೊತೆಗಿದ್ದವರ ಬೇಜವಾಬ್ದಾರಿ ಎಂದವರುಂಟು. ಆ ಒಂದು ರಾತ್ರಿಯನ್ನು ಮಾತ್ರ ನೋಡಿದರೆ ಎರಡೂ ನಿಜವೆನಿಸುತ್ತವೆ. ಹಿಂದಕ್ಕೆ ಹೋದಷ್ಟೂ ವಿಷಯ ಬೇರೆಯೇ ಕಾಣುತ್ತದೆ.

ಹಳೇ ಮೈಸೂರು ಕಡೆಯ ಮಟ್ಟಿ ಕುಸ್ತಿಯಲ್ಲಿ ಜೋಡಿ ಕಟ್ಟುವಾಗ ಉಸ್ತಾದರು ಆಳನ್ನು ಕಣ್ಣಲ್ಲೇ ಅಳೆಯುತ್ತಾರೆ. ಎತ್ತರ ನೋಡುತ್ತಾರೆ, ಹೆಗಲು ನೋಡುತ್ತಾರೆ, ಎಷ್ಟು ವರ್ಷದ ಸಾಮು ಎಂದು ಕೇಳುತ್ತಾರೆ. ಮೊದಲ ಒಲಿಂಪಿಕ್ಸ್‌ನಲ್ಲಿ ಅಷ್ಟೂ ಇರಲಿಲ್ಲ. 1896ರ ಅಥೆನ್ಸ್‌ನಲ್ಲಿ ಇದ್ದಿದ್ದು ಒಂದೇ ವಿಭಾಗ, ಯಾರ ಎದುರು ಯಾರು ಬೇಕಾದರೂ ಇಳಿಯಬಹುದಿತ್ತು. ಗೆದ್ದದ್ದು ಕಾರ್ಲ್ ಶೂಮನ್ ಎಂಬ ಜರ್ಮನ್ ಜಿಮ್ನಾಸ್ಟ್. ತೂಕದ ವಿಭಾಗಗಳು ಬಂದದ್ದು 1904ರಲ್ಲಿ, ಸೇಂಟ್ ಲೂಯಿಸ್‌ನಲ್ಲಿ. ಚಿಕ್ಕ ಮೈಯವರಿಗೂ ನ್ಯಾಯ ಸಿಗಲಿ ಎಂಬ ಒಳ್ಳೆಯ ಉದ್ದೇಶವೇ ಅದು. 1952ರಲ್ಲಿ ಹೆಲ್ಸಿಂಕಿಯಲ್ಲಿ ಖಾಶಾಬಾ ಜಾಧವ್ ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಪದಕ ತಂದದ್ದೂ 57 ಕೆಜಿ ವಿಭಾಗದಿಂದ.

ಆದರೆ ಗೆರೆ ಎಳೆದ ಕೂಡಲೇ, ಮೇಲಿನವರು ಕೆಳಗಿಳಿದು ತಮಗಿಂತ ಸಣ್ಣವರ ಜೊತೆ ಸೆಣಸುವ ದಾರಿ ಹುಡುಕಿದರು. ದೇಹದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ. ಒಂದು ಲೀಟರ್ ನೀರು ಹೋದರೆ ಒಂದು ಕೆಜಿ ಇಳಿಯುತ್ತದೆ. ಆದ್ದರಿಂದ ಪೈಲ್ವಾನರು ಇಳಿಸುವುದು ಕೊಬ್ಬನ್ನಲ್ಲ, ನೀರನ್ನು. ಒಂದು ವಾರ ಮೊದಲೇ ಅನ್ನ, ಮುದ್ದೆ, ಸಕ್ಕರೆ ಕಡಿಮೆ ಮಾಡುತ್ತಾರೆ. ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆಯ ದಾಸ್ತಾನಾದ ಗ್ಲೈಕೋಜನ್ ಒಂದು ಗ್ರಾಂ ಇದ್ದರೆ ಅದರ ಜೊತೆ ಸುಮಾರು 3 ಗ್ರಾಂ ನೀರು ಅಂಟಿಕೊಂಡಿರುತ್ತದೆ, ಅದು ಕರಗಿದರೆ ನೀರೂ ಹೋಗುತ್ತದೆ. ಉಪ್ಪು ಬಿಡುತ್ತಾರೆ. ಕರುಳು ಹಗುರಾಗಲಿ ಎಂದು ಸೊಪ್ಪು ತರಕಾರಿಯನ್ನೂ ಬಿಡುತ್ತಾರೆ. ಕೊನೆಯ ದಿನ ನೀರು ಬಂದ್. ದಪ್ಪ ಬಟ್ಟೆ ಹಾಕಿಕೊಂಡು ಓಟ, ಸೌನಾ ಎಂಬ ಬಿಸಿ ಕೋಣೆಯಲ್ಲಿ ಬೆವರು, ಬಾಯಿಗೆ ಬಂದ ಉಗುಳನ್ನೂ ಹೊರಗೆ ಉಗಿಯುವುದು. ತೂಕ ಆದ ಮೇಲೆ ಕುಡಿದು, ಉಂಡು, ಮರುದಿನ ಮೂರ್ನಾಲ್ಕು ಕೆಜಿ ಹೆಚ್ಚಾಗಿ ಕಣಕ್ಕಿಳಿಯುತ್ತಿದ್ದ ಕಾಲವಿತ್ತು.

ಇದರಲ್ಲಿ ಜೀವಗಳೇ ಹೋಗಿವೆ. 1997ರ ನವೆಂಬರ್–ಡಿಸೆಂಬರ್‌ನಲ್ಲಿ, 33 ದಿನಗಳ ಒಳಗೆ, ಅಮೆರಿಕದ ಮೂರು ಬೇರೆ ಬೇರೆ ಕಾಲೇಜುಗಳ ಮೂವರು ಕುಸ್ತಿಪಟುಗಳು ತೂಕ ಇಳಿಸುತ್ತಲೇ ಸತ್ತರು. ಬೆವರು ಹೊರಗೆ ಆರದಂಥ ಉಡುಪು ತೊಟ್ಟು, ಬಿಸಿ ಮಾಡಿದ ಕೋಣೆಯಲ್ಲಿ, ನೀರು ಕುಡಿಯದೆ ಕಸರತ್ತು ಮಾಡುತ್ತಿದ್ದ ಹುಡುಗರು ಅವರು. ಆನಂತರವೇ ಅಲ್ಲಿನ ಕಾಲೇಜು ಕ್ರೀಡಾ ಸಂಸ್ಥೆ ರಬ್ಬರ್ ಉಡುಪು, ಸೌನಾ, ಮೂತ್ರ ಹೆಚ್ಚಿಸುವ ಮಾತ್ರೆಗಳನ್ನು ನಿಷೇಧಿಸಿತು. ತೂಕ ನೋಡುವ ಸಮಯವನ್ನು ಪಂದ್ಯದ ಹತ್ತಿರಕ್ಕೆ ತಂದಿತು. ಹಂಗಾಮಿನ ಆರಂಭದಲ್ಲೇ ಪ್ರತಿಯೊಬ್ಬರ ಕೊಬ್ಬಿನ ಅಂಶ ಅಳೆದು, ಮೈಯಲ್ಲಿ ನೀರು ಸಾಕಷ್ಟಿದೆಯೇ ಎಂದು ಮೂತ್ರ ಪರೀಕ್ಷೆ ಮಾಡಿ, ‘ಇದಕ್ಕಿಂತ ಕೆಳಗೆ ನೀನು ಇಳಿಯುವಂತಿಲ್ಲ’ ಎಂದು ಬರೆದುಕೊಡುವ ಪದ್ಧತಿ ಬಂತು. ವಾರಕ್ಕೆ ಶೇ 1.5ಕ್ಕಿಂತ ಹೆಚ್ಚು ಇಳಿಸುವಂತಿಲ್ಲ ಎಂದೂ ಆಯಿತು. ಕುಸ್ತಿಯ ಇತಿಹಾಸದಲ್ಲಿ ಇಷ್ಟು ಬುದ್ಧಿವಂತ ನಿಯಮ ಇನ್ನೊಂದು ಬಂದಿಲ್ಲ ಎಂದೇ ಹೇಳಬೇಕು. ಅದು ಯಂತ್ರದ ಮುಂದೆ ನಿಂತ ಕ್ಷಣವನ್ನಲ್ಲ, ಅದಕ್ಕೆ ಮುಂಚಿನ ತಿಂಗಳುಗಳನ್ನು ನೋಡುತ್ತದೆ.

ಅಂತರರಾಷ್ಟ್ರೀಯ ಕುಸ್ತಿ ಹಿಡಿದದ್ದು ಬೇರೆ ದಾರಿ. 2017ರವರೆಗೆ ಒಂದು ವಿಭಾಗ ಒಂದೇ ದಿನದಲ್ಲಿ ಮುಗಿಯುತ್ತಿತ್ತು, ತೂಕವನ್ನು ಹಿಂದಿನ ಸಂಜೆಯೇ ನೋಡುತ್ತಿದ್ದರು. ರಾತ್ರಿಯೆಲ್ಲ ಸುಧಾರಿಸಿಕೊಳ್ಳಲು ಸಮಯವಿತ್ತು, ಅದಕ್ಕೇ ಎಲ್ಲರೂ ಧಾರಾಳವಾಗಿ ಇಳಿಸುತ್ತಿದ್ದರು. 2018ರಿಂದ ಎರಡು ದಿನದ ಪಂದ್ಯ, ಎರಡೂ ಬೆಳಿಗ್ಗೆ ತೂಕ. ಮೊದಲ ದಿನ 30 ನಿಮಿಷದ ಅವಕಾಶ, ಎರಡನೆಯ ದಿನ 15 ನಿಮಿಷ. ಅತಿಯಾಗಿ ಇಳಿಸುವವರು ಎರಡನೆಯ ಬೆಳಿಗ್ಗೆ ಸಿಕ್ಕಿಬೀಳುತ್ತಾರೆ, ಹಾಗಾಗಿ ಇಳಿಸುವುದನ್ನೇ ಬಿಡುತ್ತಾರೆ ಎಂಬುದು ಲೆಕ್ಕಾಚಾರ. ಯಾರೂ ಬಿಡಲಿಲ್ಲ, ಎರಡು ಸಲ ಇಳಿಸಲು ಕಲಿತರು.

ಬಿಡದಿರಲು ಕಾರಣ ಒಲಿಂಪಿಕ್ಸ್‌ನ ವಿಭಾಗಗಳ ಪಟ್ಟಿಯಲ್ಲಿದೆ. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮಹಿಳೆಯರಿಗೆ ಹತ್ತು ವಿಭಾಗಗಳಿದ್ದರೆ ಪ್ಯಾರಿಸ್‌ನಲ್ಲಿ ಇದ್ದಿದ್ದು ಆರು: 50, 53, 57, 62, 68, 76. ಸಹಜವಾಗಿ 55 ಕೆಜಿ ಇರುವವರಿಗೆ ಅಲ್ಲಿ ಜಾಗವೇ ಇಲ್ಲ. 57ರಲ್ಲಿ ದೊಡ್ಡವರ ಕೈಗೆ ಸಿಗಬೇಕು, ಇಲ್ಲವೇ 53ಕ್ಕೆ, 50ಕ್ಕೆ ಒಣಗಬೇಕು. ಮಹಿಳಾ ಕುಸ್ತಿ ಒಲಿಂಪಿಕ್ಸ್ ಸೇರಿದ್ದೇ 2004ರಲ್ಲಿ, ನಾಲ್ಕು ವಿಭಾಗಗಳೊಂದಿಗೆ. ಅದು ಆರಾಗಲು 2013ರ ಬಿಕ್ಕಟ್ಟು ಬೇಕಾಯಿತು. ಆ ವರ್ಷ ಫೆಬ್ರುವರಿಯಲ್ಲಿ ಕುಸ್ತಿಯನ್ನೇ ಒಲಿಂಪಿಕ್ಸ್‌ನಿಂದ ಕೈಬಿಡುವ ಶಿಫಾರಸು ಬಂದು, ಸೆಪ್ಟೆಂಬರ್‌ನಲ್ಲಿ ಮತ್ತೆ ಉಳಿಯಿತು.

ವಿನೇಶ್ ಈ ಪಟ್ಟಿಯೊಳಗೇ ಮೇಲೆ ಕೆಳಗೆ ಓಡಾಡಿದವರು. 2016ರ ರಿಯೊದಲ್ಲಿ 48 ಕೆಜಿ, ಟೋಕಿಯೊದಲ್ಲಿ 53. ಪ್ಯಾರಿಸ್‌ಗೂ 53 ಅವರ ಸಹಜ ಆಯ್ಕೆಯಾಗಬಹುದಿತ್ತು. ಆದರೆ 2023 ಹೇಗೆ ಕಳೆಯಿತು ನೋಡಿ. ಕುಸ್ತಿ ಫೆಡರೇಷನ್ ಅಧ್ಯಕ್ಷರ ಮೇಲೆ ಲೈಂಗಿಕ ಕಿರುಕುಳದ ಆರೋಪ ಹೊರಿಸಿ ಜನವರಿಯಲ್ಲಿ ಜಂತರ್ ಮಂತರ್‌ನಲ್ಲಿ ಧರಣಿ, ಏಪ್ರಿಲ್‌ನಲ್ಲಿ ಮತ್ತೆ ಧರಣಿ, ಹೊಸ ಸಂಸತ್ ಭವನ ಉದ್ಘಾಟನೆಯಾದ ಮೇ 28ರಂದು ಪೊಲೀಸರ ವಶಕ್ಕೆ. ಆಗಸ್ಟ್‌ನಲ್ಲಿ ಮಂಡಿ ಶಸ್ತ್ರಚಿಕಿತ್ಸೆ. ಸೆಪ್ಟೆಂಬರ್‌ನಲ್ಲಿ ಇನ್ನೊಬ್ಬ ಕುಸ್ತಿಪಟು ಅಂತಿಮ್ ಪಂಘಾಲ್ ವಿಶ್ವ ಚಾಂಪಿಯನ್‌ಷಿಪ್ ಕಂಚು ಗೆದ್ದು 53 ಕೆಜಿಯ ಒಲಿಂಪಿಕ್ಸ್ ಸ್ಥಾನ ತಂದರು. 2024ರ ಮಾರ್ಚ್‌ನಲ್ಲಿ ಪಟಿಯಾಲಾದ ಆಯ್ಕೆ ಟ್ರಯಲ್ಸ್‌ನಲ್ಲಿ ವಿನೇಶ್ ಒಂದೇ ದಿನ 50 ಮತ್ತು 53 ಎರಡರಲ್ಲೂ ಆಡಿದರು. ಗೆದ್ದಿದ್ದು 50. ಏಪ್ರಿಲ್‌ನಲ್ಲಿ ಬಿಶ್ಕೆಕ್‌ನಲ್ಲಿ ಅದೇ ವಿಭಾಗದ ಒಲಿಂಪಿಕ್ಸ್ ಅರ್ಹತೆ ಸಿಕ್ಕಿತು. ನೂರು ಗ್ರಾಂ ತಪ್ಪುವ ದಾರಿ ಶುರುವಾದದ್ದು ಅಲ್ಲಿ, ಪ್ಯಾರಿಸ್‌ನಲ್ಲಲ್ಲ.

ಆ ರಾತ್ರಿಯ ಲೆಕ್ಕ ಹೀಗಿದೆ. ಆಗಸ್ಟ್ 6ರ ಬೆಳಿಗ್ಗೆ 49.9 ಕೆಜಿ. ಮೂರು ಪಂದ್ಯಕ್ಕೆ ಶಕ್ತಿ ಬೇಕಲ್ಲ, ಊಟ ಮಾಡಬೇಕು, ನೀರು ಕುಡಿಯಬೇಕು. ಸಾಮಾನ್ಯವಾಗಿ ಒಂದೂವರೆ ಕೆಜಿ ಏರುತ್ತದೆ ಎಂದು ಅವರ ಆಹಾರ ತಜ್ಞರ ಅಂದಾಜಿತ್ತು. ಸಂಜೆ ನೋಡಿದರೆ 52.7. ದೇಹದ ತೂಕದ ಶೇ 5ರಷ್ಟನ್ನು ಹನ್ನೆರಡು ಗಂಟೆಯೊಳಗೆ ಕಳೆಯಬೇಕು, ಅದೂ ಹಿಂದಿನ ದಿನವಷ್ಟೇ ಒಣಗಿದ್ದ ಮೈಯಿಂದ. ಮೊದಲ ಕೆಜಿ ಬೇಗ ಹೋಗುತ್ತದೆ. ನೀರು ಕಡಿಮೆಯಾದಂತೆ ರಕ್ತದ ಪ್ರಮಾಣ ಕುಗ್ಗುತ್ತದೆ, ಹೃದಯದ ಬಡಿತ ಏರುತ್ತದೆ, ಚರ್ಮಕ್ಕೆ ರಕ್ತ ಹರಿಯುವುದು ತಗ್ಗುತ್ತದೆ, ಬೆವರೇ ನಿಲ್ಲುತ್ತಾ ಬರುತ್ತದೆ. ಎರಡು ಕೆಜಿ ಇಳಿಸಿದವರು ಕೊನೆಯ ನೂರು ಗ್ರಾಂಗೆ ತಡವರಿಸುವುದು ಇದಕ್ಕೇ. ರಾತ್ರಿಯಿಡೀ ಕಸರತ್ತು, ಸೌನಾ. ಕೊನೆಗೆ ಕೂದಲು ಕತ್ತರಿಸಿದರು, ಉಡುಪನ್ನು ಚಿಕ್ಕದು ಮಾಡಿದರು. 2.6 ಕೆಜಿ ಹೋಯಿತು, ನೂರು ಗ್ರಾಂ ಉಳಿಯಿತು. ಮುಟ್ಟಿಗೆ ಮುಂಚಿನ ದಿನಗಳಲ್ಲಿ ಹೆಣ್ಣಿನ ದೇಹ ನೀರು ಹಿಡಿದಿಡುತ್ತದೆ ಎಂಬ ವಾದವೂ ಆಮೇಲೆ ಮೇಲ್ಮನವಿಯಲ್ಲಿ ಬಂತು. ಗಂಡಸರಿಗಾಗಿ ಹುಟ್ಟಿದ ತೂಕದ ನಿಯಮ ಆ ಮಾತನ್ನು ಎಂದೂ ಕೇಳಿಸಿಕೊಂಡಿರಲಿಲ್ಲ.

‘ಗಾಯವಾಗಿದೆ ಎಂದು ಹಿಂದೆ ಸರಿದಿದ್ದರೆ ಬೆಳ್ಳಿಯಾದರೂ ಉಳಿಯುತ್ತಿತ್ತು’ ಎಂದು ಅನೇಕರು ಬರೆದರು. ಅದು ಸರಿಯಲ್ಲ. ಮೊದಲ ದಿನದ ಪಂದ್ಯದಲ್ಲೇ ಗಾಯವಾದವರಿಗೆ ಮಾತ್ರ ಎರಡನೆಯ ತೂಕದಿಂದ ವಿನಾಯಿತಿ. ಆಮೇಲೆ ಕಾಯಿಲೆಯಾದರೂ, ಗಾಯವಾದರೂ ಯಂತ್ರದ ಮುಂದೆ ಬರಲೇಬೇಕು, ಬಾರದಿದ್ದರೂ ಕೊನೆಯ ಸ್ಥಾನವೇ.

ನಿಜವಾಗಿ ಕೇಳಬೇಕಾದ ಪ್ರಶ್ನೆ ಶಿಕ್ಷೆಯದ್ದು. ವಿನೇಶ್‌ಗೆ ಸೆಮಿಫೈನಲ್‌ನಲ್ಲಿ ಸೋತಿದ್ದ ಗುಜ್ಮಾನ್ ಫೈನಲ್ ಆಡಿದರು. ಅಮೆರಿಕದ ಸಾರಾ ಹಿಲ್ಡೆಬ್ರಾಂಟ್ ಚಿನ್ನ ಗೆದ್ದರು. ಫೈನಲ್ ತಲುಪಿದವರಿಗೆ ಸೋತವರಿಗೆ ಮಾತ್ರ ಕಂಚಿನ ದಾರಿ ತೆರೆಯುತ್ತದೆ. ಅದನ್ನು ರೆಪೆಶಾಜ್ ಎನ್ನುತ್ತಾರೆ. ಅದರಂತೆ ಸುಸಾಕಿ ಮತ್ತು ಲಿವಾಚ್ ಕಂಚಿಗೆ ಸೆಣಸಿದರು, ಸುಸಾಕಿ ಗೆದ್ದರು. ಅಂದರೆ ವಿನೇಶ್ ಫೈನಲ್ ತಲುಪಿದ್ದು ಸುಸಾಕಿಗೆ ಪದಕ ಕೊಡಲು ಲೆಕ್ಕಕ್ಕೆ ಬಂತು, ವಿನೇಶ್‌ಗೇ ಬರಲಿಲ್ಲ. ಆ ಮೂರು ಪಂದ್ಯ ಆಡುವಾಗ ಅವರ ತೂಕ ನಿಯಮದೊಳಗೇ ಇತ್ತು, ಮೋಸವಿರಲಿಲ್ಲ, ಮದ್ದು ಸೇವಿಸಿರಲಿಲ್ಲ. ಜಂಟಿ ಬೆಳ್ಳಿ ಕೇಳಿ ಸಲ್ಲಿಸಿದ ಮನವಿಯನ್ನು ಕ್ರೀಡಾ ನ್ಯಾಯಾಲಯದ ಏಕ ಸದಸ್ಯೆ ಆ್ಯನಬೆಲ್ ಬೆನೆಟ್ ಆಗಸ್ಟ್ 14ರಂದು ತಳ್ಳಿಹಾಕಿದರು. ನಿಯಮ ಸ್ಪಷ್ಟವಾಗಿದೆ, ಅದನ್ನು ಬದಲಿಸುವ ಅಧಿಕಾರ ತಮಗಿಲ್ಲ ಎಂಬುದು ಅವರ ನಿಲುವು. ಆದರೆ ಈ ಪರಿಣಾಮ ವಿಪರೀತ ಕಠೋರ, ಆ ದಿನದ ಫೈನಲ್‌ನಿಂದ ಮಾತ್ರ ಹೊರಗಿಡುವುದು ಹೆಚ್ಚು ನ್ಯಾಯವಾಗುತ್ತಿತ್ತು ಎಂದು ವಿವರವಾದ ತೀರ್ಪಿನಲ್ಲಿ ಅವರೇ ಬರೆದಿದ್ದಾರೆ. ಬಾಕಿ ಎಲ್ಲ ಚರ್ಚೆಗಿಂತ ಆ ಸಾಲಿಗೆ ತೂಕ ಹೆಚ್ಚು.

ರಾಜಕೀಯ ತನ್ನ ದಾರಿ ಹಿಡಿಯಿತು. ಲೋಕಸಭೆಯಲ್ಲಿ ಕ್ರೀಡಾ ಸಚಿವರ ಹೇಳಿಕೆ, ವಿರೋಧ ಪಕ್ಷಗಳ ಸಭಾತ್ಯಾಗ. ತೂಕದ ಹೊಣೆ ಆಟಗಾರರದ್ದು ಮತ್ತು ಕೋಚ್‌ದು, ವೈದ್ಯರದ್ದಲ್ಲ ಎಂದು ಭಾರತೀಯ ಒಲಿಂಪಿಕ್ ಸಂಸ್ಥೆಯ ಅಧ್ಯಕ್ಷೆ ಪಿ.ಟಿ. ಉಷಾ ಹೇಳಿದರು. ಸೆಪ್ಟೆಂಬರ್‌ನಲ್ಲಿ ಕಾಂಗ್ರೆಸ್ ಸೇರಿದ ವಿನೇಶ್ ಅಕ್ಟೋಬರ್‌ನಲ್ಲಿ ಹರಿಯಾಣದ ಜುಲಾನಾದಿಂದ ಶಾಸಕಿಯಾದರು. ಆದರೆ ಕುಸ್ತಿ ಲೋಕ ಇದರಿಂದ ಕಲಿತದ್ದು ಕಡಿಮೆ. ಪ್ಯಾರಿಸ್‌ನಲ್ಲಿ 57 ಕೆಜಿಯ ಕಂಚಿಗಾಗಿ ಒಂದೇ ರಾತ್ರಿಯಲ್ಲಿ 4.6 ಕೆಜಿ ಇಳಿಸಿದ ಅಮನ್ ಸೆಹ್ರಾವತ್ ಅವರನ್ನು ನಾವೆಲ್ಲ ಕೊಂಡಾಡಿದೆವು. ಅದೇ ಅಮನ್ 2025ರ ಸೆಪ್ಟೆಂಬರ್‌ನಲ್ಲಿ ಝಾಗ್ರೆಬ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 1.7 ಕೆಜಿ ಹೆಚ್ಚಾಗಿ ಅನರ್ಹರಾದರು.

ಇದು ನಮ್ಮ ಊರಿನ ವಿಷಯವೂ ಹೌದು. ಕುಸ್ತಿ, ಜೂಡೊ, ಬಾಕ್ಸಿಂಗ್, ಟೇಕ್ವಾಂಡೊ, ವೇಟ್‌ಲಿಫ್ಟಿಂಗ್‌ಗೆ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಮಕ್ಕಳು ತಾಲ್ಲೂಕಿನಿಂದ ಜಿಲ್ಲೆಗೆ, ಅಲ್ಲಿಂದ ಬೆಂಗಳೂರು ವಿಭಾಗಕ್ಕೆ ಹೋಗುತ್ತಾರೆ. ‘ಎರಡು ಕೆಜಿ ಇಳಿಸಿಬಿಡು, ಕೆಳಗಿನ ವಿಭಾಗದಲ್ಲಿ ಪೈಪೋಟಿ ಇಲ್ಲ’ ಎಂಬ ಮಾತು ಅಲ್ಲೂ ಕೇಳಿಬರುತ್ತದೆ. ಬೆಳೆಯುವ ವಯಸ್ಸಿನ ಮಕ್ಕಳಿಗೆ ನೀರು ನಿಲ್ಲಿಸಿ ತೂಕ ಇಳಿಸುವುದು ಬೇಡವೇ ಬೇಡ. ಅಮೆರಿಕದ ಕಾಲೇಜುಗಳ ಮಿತಿಯನ್ನೇ ಹಿಡಿದರೂ 50 ಕೆಜಿಯವರು ವಾರಕ್ಕೆ 750 ಗ್ರಾಂ ದಾಟುವಂತಿಲ್ಲ, ಅದೂ ದೊಡ್ಡವರಿಗೆ. ಮೂತ್ರ ಕಡು ಹಳದಿಯಾದರೆ, ತಲೆ ತಿರುಗಿದರೆ ಅಲ್ಲಿಗೇ ನಿಲ್ಲಿಸಿ. ಮೆಡಿಕಲ್ ಸ್ಟೋರಿನಿಂದ ತರುವ ಮೂತ್ರದ ಮಾತ್ರೆ ಮೂತ್ರಪಿಂಡಕ್ಕೂ ಕೆಟ್ಟದ್ದು, ಉದ್ದೀಪನ ಮದ್ದಿನ ನಿಷೇಧ ಪಟ್ಟಿಯಲ್ಲೂ ಇದೆ. ಇಳಿಸಿದ ಮೇಲೆ ಗ್ಲೂಕೋಸ್ ಡ್ರಿಪ್ ಹಾಕಿಸಿದರಾಯಿತು ಎನ್ನುವುದೂ ನಡೆಯುವುದಿಲ್ಲ. ಆಸ್ಪತ್ರೆ ಚಿಕಿತ್ಸೆಗಲ್ಲದೆ 12 ಗಂಟೆಗೆ 100 ಮಿ.ಲೀ. ಮೀರಿದ ಡ್ರಿಪ್ಪಿಗೆ ನಿಷೇಧವಿದೆ.

ಶಾಲೆಯ ತೂಕದ ಯಂತ್ರವನ್ನು ಮೊದಲು ಪರೀಕ್ಷಿಸಿ. ಮ್ಯಾಟಿನ ಮೇಲಲ್ಲ, ಗಟ್ಟಿ ಸಿಮೆಂಟು ನೆಲದ ಮೇಲಿಟ್ಟು, ಹೊಲಿಗೆ ಬಿಚ್ಚದ ಯೂರಿಯಾ ಮೂಟೆ ಇಟ್ಟು ನೋಡಿ. ಒಳಗಿನ ಗೊಬ್ಬರ 45 ಕೆಜಿ, ಚೀಲ ಸೇರಿ ಸ್ವಲ್ಪ ಮೇಲೆ ತೋರಿಸಬೇಕು. 44 ಎಂದರೆ ಯಂತ್ರ ಸುಳ್ಳು ಹೇಳುತ್ತಿದೆ, ಅದನ್ನು ನಂಬಿ ಹೋದ ಮಗು ಕ್ರೀಡಾಕೂಟದ ದಿನ ಅಳುತ್ತಾ ವಾಪಸು ಬರುತ್ತದೆ. ಎಂಟು ವಾರ ಮುಂಚಿನಿಂದ ವಾರಕ್ಕೊಮ್ಮೆ, ಬೆಳಿಗ್ಗೆ ಶೌಚ ಮುಗಿಸಿ, ತಿಂಡಿಗೆ ಮೊದಲು, ಒಂದೇ ಬಟ್ಟೆಯಲ್ಲಿ ತೂಕ ನೋಡಿ ಬರೆದಿಡಿ. ಮಗು ದಿನವೂ ಹೊಟ್ಟೆ ತುಂಬ ಉಣ್ಣುತ್ತಿರುವಾಗ ಹೀಗೆ ಬಂದ ತೂಕ ಯಾವ ವಿಭಾಗದಲ್ಲಿದೆಯೋ ಅದನ್ನೇ ಪ್ರವೇಶ ಅರ್ಜಿಯಲ್ಲಿ ಬರೆಯಿರಿ.